ಕೆಲಸದ ಪಟ್ಟಿ ಜೇಬಿಗಿಳಿದ ಮೇಲೆ

ತಾಲ್ಲೂಕು ಕಚೇರಿಯ ಕಂಪ್ಯೂಟರಿನೊಳಗಿದ್ದ ಸರದಿ ಸಾಲು ಇಂದು ಗ್ರಾಮ ಆಡಳಿತ ಅಧಿಕಾರಿಯ ಜೇಬಿನಲ್ಲಿದೆ, ಬೆಳೆ ಸಮೀಕ್ಷೆಯ ಹುಡುಗರ ಕೈಯಲ್ಲಿದೆ, ರೈತರ ಫೋನಿನಲ್ಲೂ ಇದೆ. ಪರದೆ ಚಿಕ್ಕದಾಯಿತು, ಕೆಲಸ ಹೆಚ್ಚಾಯಿತು. ಮೇಜಿನ ಮೇಲಿದ್ದಾಗಿನ ಎರಡು ಒಳ್ಳೆಯ ಗುಣಗಳನ್ನು ಫೋನು ಉಳಿಸಿಕೊಳ್ಳುತ್ತದೆಯೇ?

ಜಿನನಾಥಪುರದ ಹೊರಗೆ, ಚಂದ್ರಗಿರಿಯ ಬೆನ್ನಿಗಿರುವ ಹೊಲದಲ್ಲಿ ರಾಗಿ ಮೊಣಕಾಲೆತ್ತರಕ್ಕೆ ಬಂದಿದೆ. ಬೆಳಗಿನ ಜಡಿಮಳೆ ಈಗಷ್ಟೇ ನಿಂತಿದೆ. ಅಕ್ಕಡಿ ಸಾಲಿನ ಅವರೆ ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಮುಂಗಾರು ಬೆಳೆ ಸಮೀಕ್ಷೆಗೆ ಬಂದ ಹುಡುಗ ಪ್ಯಾಂಟು ಮಡಚಿಕೊಂಡು, ಫೋನನ್ನು ಎದೆಯೆತ್ತರಕ್ಕೆ ಹಿಡಿದು ನಿಂತಿದ್ದಾನೆ. ಹೊಲದ ಒಡತಿ ತಲೆಗೆ ಸೆರಗು ಹೊದ್ದು ಪಕ್ಕದಲ್ಲೇ ಇದ್ದಾರೆ.

"ಯಾಕಪ್ಪ, ಏನಂತದೆ ನಿನ್ ಫೋನು?"

"ನಾನು ಪಕ್ಕದ ಹೊಲದಲ್ಲಿ ನಿಂತಿದ್ದೀನಿ ಅಂತದೆ ಅಜ್ಜಿ."

"ನಮ್ಮ ರಾಗಿ ಒಳಗೇ ನಿಂತಿದ್ದೀಯಲ್ಲೋ ಮಗ!"

ಹುಡುಗ ತೆಂಗಿನ ಮರದ ಕೆಳಗಿನಿಂದ ಬಯಲಿಗೆ ಸರಿಯುತ್ತಾನೆ. ಪರದೆಯ ಮೇಲಿನ ನೀಲಿ ಚುಕ್ಕೆ ತಡವರಿಸಿ, ಕೊನೆಗೆ ಸರ್ವೆ ನಂಬರಿನ ಗೆರೆಯೊಳಗೆ ಬಂದು ಕೂರುತ್ತದೆ. ರಾಗಿಯದೊಂದು ಫೋಟೊ, ಅವರೆ ಸಾಲಿನದೊಂದು ಫೋಟೊ. ಪಟ್ಟಿಯಲ್ಲಿ ಒಂದು ತಾಕು ಮುಗಿಯಿತು. ಮುಂದಿನದು ಹಳ್ಳದ ಆಚೆ.

ಆ ಫೋಟೊಗಳಿಗೆ ಇಂದು ತೂಕವಿದೆ. ಪಹಣಿಯ ಬೆಳೆ ಕಾಲಮ್ಮು ತುಂಬುವುದಕ್ಕೆ ಈ ಸಮೀಕ್ಷೆಯೇ ಆಧಾರ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಇದರ ಮಾಹಿತಿಯನ್ನೇ ನೋಡುತ್ತಾರೆ. ರಾಗಿ ಬೆಳೆದವರ ಹೊಲದಲ್ಲಿ ಹುರುಳಿ ಎಂದು ದಾಖಲಾದರೆ ಖರೀದಿ ಕೇಂದ್ರದ ಕಿಟಕಿಯ ಮುಂದೆ ವಾದ ಮಾಡಬೇಕಾದವರು ರೈತರೇ.

ಕಚೇರಿಯ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಕೆಲಸವನ್ನು ಟ್ಯಾಬಿಗೆ, ಫೋನಿಗೆ ತರುವುದು ತಂತ್ರಾಂಶ ಬರೆಯುವವರ ತಲೆನೋವು ಎಂದು ನಾವು ಅಂದುಕೊಂಡಿದ್ದೇವೆ. ಹಾಸನ ಜಿಲ್ಲೆಯ ಹೊಲಗಳಲ್ಲಿ ಅದು ಊಟದ ಪ್ರಶ್ನೆ.

ದಫ್ತರದಿಂದ 'ಭೂಮಿ'ಗೆ

ಜಮೀನಿನ ಲೆಕ್ಕ ಮೊದಲು ಶಾನುಭೋಗರ ಮನೆಯಲ್ಲಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ದಫ್ತರ ಬಿಚ್ಚಿದರೆ ಊರಿನ ಹಕ್ಕುಗಳೆಲ್ಲ ಅಲ್ಲಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಆ ಹುದ್ದೆಯನ್ನು ಕೊನೆಗಾಣಿಸಿತು. ದಫ್ತರ ಗ್ರಾಮ ಲೆಕ್ಕಿಗರ, ಅಂದರೆ ಇಂದಿನ ಗ್ರಾಮ ಆಡಳಿತ ಅಧಿಕಾರಿಗಳ, ಕೈಗೆ ಬಂತು. ಆದರೆ ಯಾರ ಅರ್ಜಿ ಯಾವಾಗ ಮೇಲೆ ಬರುತ್ತದೆ, ಯಾರದು ಅಡಿಗೆ ಹೋಗುತ್ತದೆ ಎನ್ನುವುದು ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ.

ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ಅದನ್ನು ಬದಲಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಕಟ್ಟಿದ ತಂತ್ರಾಂಶದೊಳಗೆ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಸೇರಿದವು. ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು.

ಭೂಮಿಯ ಕೀರ್ತಿಯೆಲ್ಲ ಮುದ್ರಿತ ಪಹಣಿಗೆ ಸಂದಿದೆ. ಅದರೊಳಗಿನ ಇನ್ನೆರಡು ಸಂಗತಿಗಳನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಮೊದಲನೆಯದು ಸರದಿ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶ ಕಟ್ಟುಹಾಕಿತ್ತು. ಪರಿಚಯದವರ ಅರ್ಜಿಯನ್ನು ಕೆಳಗಿನಿಂದ ಎಳೆದು ಮೇಲಿಡಲು ಗುಮಾಸ್ತರಿಗೆ ದಾರಿಯಿರಲಿಲ್ಲ. ಬೆರಳಚ್ಚು ಕೊಟ್ಟೇ ತಂತ್ರಾಂಶದೊಳಗೆ ಹೋಗಬೇಕಿದ್ದರಿಂದ ಯಾವ ಕೆಲಸ ಯಾರದು ಎಂಬುದಕ್ಕೂ ಗುರುತು ಉಳಿಯುತ್ತಿತ್ತು.

ಎರಡನೆಯದು ಪರದೆ. ಭೂಮಿ ಕಿಟಕಿಯಲ್ಲಿ ಎರಡು ಪರದೆಗಳನ್ನು ಇಡುವ ಏರ್ಪಾಟಿತ್ತು. ಒಂದು ನೌಕರರ ಕಡೆಗೆ, ಇನ್ನೊಂದು ರೈತರ ಕಡೆಗೆ. ಒಳಗೆ ಏನು ಟೈಪ್ ಆಗುತ್ತಿದೆ ಎಂಬುದು ಹೊರಗೆ ನಿಂತವರಿಗೆ ಅದೇ ಕ್ಷಣ ಕಾಣುತ್ತಿತ್ತು.

ಒಂದೇ ಸರದಿ, ಎರಡು ಪರದೆ. ಕೆಲಸ ನಿಭಾಯಿಸುವ ಯಾವ ತಂತ್ರಾಂಶಕ್ಕೂ ಇದಕ್ಕಿಂತ ಒಳ್ಳೆಯ ಅಡಿಪಾಯ ಇಲ್ಲ.

2012ರ ಏಪ್ರಿಲ್ 2ರಂದು ರಾಜ್ಯವಿಡೀ ಜಾರಿಯಾದ 'ಸಕಾಲ' ಅದಕ್ಕೆ ಗಡುವನ್ನೂ ಸೇರಿಸಿತು. ಮೊದಲಿಗೆ 11 ಇಲಾಖೆಗಳ 151 ಸೇವೆಗಳು. ಪ್ರತಿ ಅರ್ಜಿಗೆ 15 ಅಂಕಿಗಳ ಸಂಖ್ಯೆ, ಪ್ರತಿ ಕೆಲಸಕ್ಕೆ ಇಷ್ಟು ದಿನ ಎಂಬ ಮಿತಿ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಅಷ್ಟರಮಟ್ಟಿಗೆ ಸರ್ಕಾರಿ ನೌಕರರ 'ಇವತ್ತು ಏನೇನು ಬಾಕಿ' ಎಂಬ ಪಟ್ಟಿ ಕಂಪ್ಯೂಟರಿನೊಳಗೆ ಸಿದ್ಧವಾಗಿತ್ತು.

ಆದರೆ ಆ ಪಟ್ಟಿ ನೋಡಲು ಮೇಜಿನ ಮುಂದೆ ಕೂರಬೇಕಿತ್ತು. ಕೆಲಸವಿದ್ದದ್ದು ಊರಿನಲ್ಲಿ.

◼ ಊರಿನ ಪರಿಚಯ
ಶ್ರವಣಬೆಳಗೊಳಕ್ಕೆ ಅಂಟಿಕೊಂಡಂತಿರುವ ಜಿನನಾಥಪುರವನ್ನು 12ನೇ ಶತಮಾನದ ಆರಂಭದಲ್ಲಿ ನೆಲೆಗೊಳಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಹೊರಗೋಡೆಯ ಶಿಲ್ಪಗಳಿಗೆ ಹೆಸರಾದ ಇಲ್ಲಿನ ಶಾಂತಿನಾಥ ಬಸದಿ ಸುಮಾರು 1200ರದು. ದಾನ ಬಿಟ್ಟ ಭೂಮಿಯ ಎಲ್ಲೆಗಳನ್ನು ಶಾಸನದಲ್ಲೇ ವಿವರಿಸುವುದು ಆಗಿನ ರೂಢಿ. ಬಸದಿಯ ಭೂಮಿಯಾದರೆ ಎಲ್ಲೆಯಲ್ಲಿ ಮುಕ್ಕೊಡೆ ಕೆತ್ತಿದ ಕಲ್ಲು ನೆಡುತ್ತಿದ್ದರು. ದಾಖಲೆ ಹೊಲದಲ್ಲೇ, ಎಲ್ಲರ ಕಣ್ಣೆದುರಿಗೇ ಇರುತ್ತಿತ್ತು.

ಸಣ್ಣ ಪರದೆ ಕಲಿಸಿದ ಪಾಠ

ಆ ವರ್ಷಗಳಲ್ಲೇ ಜಗತ್ತಿನ ಬೇರೆ ಕಡೆಯ ತಂತ್ರಾಂಶ ಕಂಪನಿಗಳೂ ಮೇಜಿನ ಪಟ್ಟಿಯನ್ನು ಜೇಬಿಗೆ ತರುವ ಇದೇ ಸಮಸ್ಯೆಯನ್ನು ಬಿಡಿಸುತ್ತಿದ್ದವು. ಅಮೆರಿಕದ ಸಿಯಾಟಲ್‌ನ ಓಮ್ನಿ ಗ್ರೂಪ್ ಕಂಪನಿಯ 'ಓಮ್ನಿಫೋಕಸ್' ಎಂಬ ಕೆಲಸದ ಪಟ್ಟಿಯ ತಂತ್ರಾಂಶ ಮ್ಯಾಕ್ ಕಂಪ್ಯೂಟರಿಗೆ ಬಂದದ್ದು 2008ರ ಜನವರಿಯಲ್ಲಿ. ಅದೇ ಜುಲೈನಲ್ಲಿ ಆಪಲ್ ತನ್ನ ಆಪ್ ಸ್ಟೋರ್ ತೆರೆದಾಗ ಐಫೋನಿಗೂ ಬಂತು. 2010ರಲ್ಲಿ ಐಪ್ಯಾಡ್ ಸರದಿ.

ಮೇಜಿನ ಮೇಲಿದ್ದುದನ್ನೆಲ್ಲ ಕುಗ್ಗಿಸಿ ಫೋನಿಗೆ ತುರುಕುವ ಕೆಲಸವನ್ನು ಅವರು ಮಾಡಲಿಲ್ಲ. ದೊಡ್ಡ ಪರದೆಯಲ್ಲಿ ಕೂತು ಯೋಜನೆ ಹಾಕಬಹುದು, ನೂರು ಕೆಲಸಗಳನ್ನು ಒಟ್ಟಿಗೆ ಕಾಣಬಹುದು. ಫೋನಿನಲ್ಲಿ ಅದು ಕಷ್ಟ. ಆದರೆ ನೀವು ಎಲ್ಲಿದ್ದೀರಿ ಎಂಬುದು ಫೋನಿಗೆ ಗೊತ್ತು. ಆದ್ದರಿಂದ ಅವರ ಫೋನ್ ಆವೃತ್ತಿ, ನಿಂತ ಜಾಗಕ್ಕೆ ಹತ್ತಿರದ ಕೆಲಸಗಳನ್ನು ಎತ್ತಿ ತೋರಿಸುತ್ತಿತ್ತು. ಟ್ಯಾಬಿಗಾಗಿ ಅವರು ಮುಂದಿನ ದಿನಗಳ ಕೆಲಸವನ್ನು ಒಂದೇ ನೋಟದಲ್ಲಿ ಕಾಣುವ ಪುಟ ಮಾಡಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ 2014ರ ಹೊಸ ಆವೃತ್ತಿಯಲ್ಲಿ ಕಂಪ್ಯೂಟರಿಗೂ ಅದನ್ನು ತಂದರು. ಚಿಕ್ಕ ಪರದೆ ದೊಡ್ಡ ಪರದೆಗೆ ಪಾಠ ಹೇಳಿತು.

ನಮ್ಮಲ್ಲಿ ಈ ಪಯಣಕ್ಕೆ ಇನ್ನೊಂದು ಅಡ್ಡಿಯಿತ್ತು, ಲಿಪಿ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ತೆರೆದರೆ ಬರೀ ಚೌಕಗಳು, ಇಲ್ಲವೇ ದಿಕ್ಕು ತಪ್ಪಿದ ಒತ್ತಕ್ಷರಗಳು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿತು. ಕಚೇರಿಯ ಕಂಪ್ಯೂಟರಿನಲ್ಲಿ 'ನುಡಿ', 'ಬರಹ' ತಂತ್ರಾಂಶಗಳು ಹತ್ತು ವರ್ಷಕ್ಕೂ ಮೊದಲೇ ನೆಲೆಯೂರಿದ್ದವು. ಕನ್ನಡದ ರೈತ ತನ್ನ ಸರ್ವೆ ನಂಬರನ್ನು ತನ್ನ ಭಾಷೆಯಲ್ಲಿ, ತನ್ನ ಫೋನಿನಲ್ಲಿ ಓದಲು ಅಷ್ಟು ಕಾಯಬೇಕಾಯಿತು.

ಹೊಲಕ್ಕೆ ಬಂದ ಆಪ್

ಆಮೇಲೆ ಓಟ ಬಿರುಸಾಯಿತು. ರಾಜ್ಯದ ದೂರ ಸಂವೇದಿ ಅನ್ವಯ ಕೇಂದ್ರ ರೂಪಿಸಿದ 'ದಿಶಾಂಕ್' ಆಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಕಾಣುತ್ತದೆ. ಬೆಳೆ ಸಮೀಕ್ಷೆಯೂ ಕಾಗದ ಬಿಟ್ಟು ಮೊಬೈಲಿಗೆ ಬಂತು. 2020ರ ಆಗಸ್ಟ್‌ನಲ್ಲಿ, ಕೋವಿಡ್ ಕಾಲದಲ್ಲೇ, ರೈತರೇ ತಮ್ಮ ಹೊಲದ ಫೋಟೊ ತೆಗೆದು ಕಳಿಸುವ ಆಪ್ ಬಿಡುಗಡೆಯಾಯಿತು. ರೈತರು ಕಳಿಸದೆ ಉಳಿದ ತಾಕುಗಳಿಗೆ ಊರಿನ ಹುಡುಗರನ್ನೇ ನೇಮಿಸಿಕೊಳ್ಳುತ್ತಾರೆ. ಇಲಾಖೆಯ ಬಾಯಲ್ಲಿ ಅವರು 'ಪಿ.ಆರ್.'ಗಳು (ಪ್ರೈವೇಟ್ ರೆಸಿಡೆಂಟ್).

ಈ ಆಪ್ ಮಾಡಿದವರು ಒಂದು ವಿಷಯವನ್ನು ಸರಿಯಾಗಿ ಹಿಡಿದರು. ಹೊಲದಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಿ ಕೂರಲಿಲ್ಲ. ಸಿಗ್ನಲ್ ಇರುವ ಕಡೆ ನಿಂತು ಊರಿನ ನಕ್ಷೆ, ಸರ್ವೆ ನಂಬರು, ಮಾಲೀಕರ ಹೆಸರು ಇಳಿಸಿಕೊಳ್ಳಬೇಕು. ಹೊಲಕ್ಕೆ ಹೋಗಿ ಮಾಹಿತಿ ತುಂಬಿ, ಫೋಟೊ ತೆಗೆದು ಫೋನಿನಲ್ಲೇ ಉಳಿಸಬೇಕು. ಮತ್ತೆ ಸಿಗ್ನಲ್ ಸಿಕ್ಕಲ್ಲಿ ಅಪ್‌ಲೋಡ್. ಅಲ್ಲಿಂದ ಅದು ಮೇಲ್ವಿಚಾರಕರ ಪಟ್ಟಿಗೆ ಹೋಗುತ್ತದೆ. ಅವರು ಫೋಟೊ ನೋಡಿ ಒಪ್ಪಬೇಕು, ಇಲ್ಲವೇ ಹಿಂದಕ್ಕೆ ಕಳಿಸಬೇಕು.

ಫೋನಿಗೆ ಬರುವ ಯಾವ ಕೆಲಸದ ಆಪ್‌ಗೂ ಇದೇ ಕಠಿಣ ಭಾಗ. ಕಚೇರಿಯ ಕಂಪ್ಯೂಟರು ಸದಾ ತಂತಿಗೆ ಕಟ್ಟಿಕೊಂಡಿರುತ್ತದೆ. ಅಲ್ಲಿ ಒಂದು ದಾಖಲೆಗೆ ಒಂದೇ ಪ್ರತಿ. ಫೋನಿಗೆ ಇಳಿಸಿಕೊಂಡ ಕ್ಷಣದಿಂದ ಪ್ರತಿ ಎರಡಾಗುತ್ತದೆ. ಇಬ್ಬರು ಎರಡು ಕಡೆ ಒಂದೇ ತಾಕಿಗೆ ಬೇರೆ ಬೇರೆ ಬೆಳೆ ಬರೆದರೆ ಯಾವುದು ನಿಜ? ಯಂತ್ರಕ್ಕೆ ಕೊನೆಗೆ ಬಂದದ್ದೇ ನಿಜ ಎನ್ನುವುದು ಸುಲಭ. ನ್ಯಾಯ ಅಷ್ಟು ಸುಲಭವಲ್ಲ. ಅದಕ್ಕೇ ಮನುಷ್ಯರೊಬ್ಬರು ಫೋಟೊ ನೋಡಿ ತೀರ್ಮಾನಿಸುವ ಹಂತ ಇರಬೇಕು, ಇದೆ.

ರೈತರ ಕಡೆಗೆ ತಿರುಗಿದ ಆ ಎರಡನೇ ಪರದೆ ಈ ಲೋಕದಲ್ಲಿ 'ಬೆಳೆ ದರ್ಶಕ' ಆಪ್ ಆಗಿ ಉಳಿದಿದೆ. ತಮ್ಮ ಹೊಲದಲ್ಲಿ ಯಾವ ಬೆಳೆ ದಾಖಲಾಗಿದೆ, ಯಾವ ಫೋಟೊ ಏರಿದೆ ಎಂದು ಅಲ್ಲಿ ನೋಡಬಹುದು. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಮಗನೋ ಮೊಮ್ಮಗಳೋ ಸ್ಮಾರ್ಟ್‌ಫೋನ್ ಹಿಡಿದು ಕೂತು ನೋಡಿಕೊಡುವ ಮನೆಯಲ್ಲಿ ಇದು ಸಲೀಸು. ಒಂಟಿ ಮುದುಕಿಯ ಮನೆಯಲ್ಲಿ ಅದು ಇದ್ದೂ ಇಲ್ಲದಂತೆ. ಭೂಮಿ ಕಿಟಕಿಯ ಪರದೆಗೆ ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಎದುರಿಗೆ ನಿಂತರೆ ಸಾಕಿತ್ತು.

ಒಂದು ಗುಂಟೆಯ ಲೆಕ್ಕ

ನೀಲಿ ಚುಕ್ಕೆ ಪಕ್ಕದ ಹೊಲಕ್ಕೆ ಹಾರುವುದೇಕೆ? ಬಯಲಿನಲ್ಲಿ, ಮರಗಳ ಗೊಡವೆಯಿಲ್ಲದೆ ನಿಂತರೂ ಸಾಮಾನ್ಯ ಸ್ಮಾರ್ಟ್‌ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ತೋಟದ ದಟ್ಟ ಗರಿಗಳ ಕೆಳಗೆ ಈ ತಪ್ಪು ಇನ್ನೂ ಹೆಚ್ಚು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಹತ್ತು ಮೀಟರ್‌ಗೆ ಒಂದಿಷ್ಟು ಹೆಚ್ಚು, ಅಷ್ಟೇ. ಎರಡು ಮೂರು ಗುಂಟೆಯ ಹಿಸ್ಸೆಗಳಲ್ಲಿ ಬದುವಿನ ಹತ್ತಿರ ನಿಂತವರನ್ನು ಫೋನು ಆಚೆ ಹೊಲಕ್ಕೆ ಹಾಕಿದರೆ ಆಶ್ಚರ್ಯವಿಲ್ಲ.

ಅದರ ಮೇಲೆ ಹಳೆಯ ನಕ್ಷೆಗಳ ಲೆಕ್ಕ ಬೇರೆ. ಗ್ರಾಮ ನಕ್ಷೆಗಳು ಹುಟ್ಟಿದ್ದು ಸರಪಳಿ ಎಳೆದು ಅಳೆದ ಕಾಲದಲ್ಲಿ. ಆ ಗೆರೆಗಳನ್ನು ಉಪಗ್ರಹದ ಚಿತ್ರದ ಮೇಲೆ ಕೂರಿಸುವಾಗ ಒಂದಿಷ್ಟು ಸರಿದಾಟ ಇದ್ದೇ ಇರುತ್ತದೆ. ಕಚೇರಿಯ ಮೇಜಿನ ಮೇಲೆ ಈ ಸರಿದಾಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಫೋನು ಹೊಲಕ್ಕೆ ಬಂದ ಮೇಲೆ ಕಣ್ಣಿಗೆ ಬಿದ್ದಿದೆ. ಇದು ಒಳ್ಳೆಯದೇ. ದಾಖಲೆಯ ತಪ್ಪು ನೆಲದ ಮೇಲೆ ನಿಂತಾಗಲೇ ಗೊತ್ತಾಗುವುದು.

ಮಿಶ್ರ ಬೆಳೆಯ ವಿಷಯವೂ ಹಾಗೆಯೇ. ಕಚೇರಿಯಲ್ಲಿ ಕೂತು ಪಹಣಿಗೆ 'ರಾಗಿ' ಎಂದು ಒಂದು ಪದ ಬರೆದರೆ ಮುಗಿಯುತ್ತಿತ್ತು. ಹೊಲದಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲುಗಳಿವೆ. ಬದುವಿನ ಸುತ್ತ ತೆಂಗಿದೆ. ಸಾಲುಗಳ ಲೆಕ್ಕವನ್ನು ಬೆಳೆದವರಿಂದಲೇ ಕೇಳಿ ತುಂಬಬೇಕಾದ್ದರಿಂದ ಆ ಹುಡುಗ ಅಜ್ಜಿಯ ಜೊತೆ ಮಾತಾಡಲೇಬೇಕು. ಆಪ್ ಎಷ್ಟೇ ಚುರುಕಾಗಿದ್ದರೂ ಈ ಮಾತುಕತೆಗೆ ಸಮಯ ಕೊಡದಿದ್ದರೆ ದಾಖಲೆ ಸುಳ್ಳಾಗುತ್ತದೆ.

◼ ಸರಪಳಿ ಲೆಕ್ಕ
1 ಸರಪಳಿ = 33 ಅಡಿ = 16 ಆಣೆ
1 ಗುಂಟೆ = 33 × 33 = 1,089 ಚದರ ಅಡಿ
40 ಗುಂಟೆ = 1 ಎಕರೆ
ಫೋನಿನ ಜಿಪಿಎಸ್ ತಪ್ಪು ಬಯಲಿನಲ್ಲಿ ಸುಮಾರು 5 ಮೀಟರ್, ಅಂದರೆ ಅರ್ಧ ಸರಪಳಿ

ಒಂದು ಫೋನು, ಹತ್ತಾರು ಪಟ್ಟಿ

ಎರಡನೇ ಪರದೆ ಹೇಗೋ ಉಳಿಯಿತು. ಮೊದಲನೆಯ ಗುಣ, ಒಂದೇ ಸರದಿ, ದಾರಿಯಲ್ಲಿ ಒಡೆಯಿತು.

2024ರ ಸೆಪ್ಟೆಂಬರ್ 26ರಂದು ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ನಿಲ್ಲಿಸಿ ತಾಲ್ಲೂಕು ಕಚೇರಿಗಳ ಮುಂದೆ ಕೂತರು. 17ಕ್ಕೂ ಹೆಚ್ಚು ಮೊಬೈಲ್, ವೆಬ್ ತಂತ್ರಾಂಶಗಳಲ್ಲಿ ಕೆಲಸ ಮಾಡಿಸಿಕೊಳ್ಳುತ್ತೀರಿ, ಅದಕ್ಕೆ ಬೇಕಾದ ಮೊಬೈಲ್, ಲ್ಯಾಪ್‌ಟಾಪ್, ಇಂಟರ್‌ನೆಟ್, ಸ್ಕ್ಯಾನರ್ ಕೊಡಿ ಎಂಬುದು ಅವರ ಮುಖ್ಯ ಅಹವಾಲು. ಆಧಾರ್ ಸೀಡ್, ಲ್ಯಾಂಡ್ ಬೀಟ್, ಬಗರ್ ಹುಕುಂ, ಹಕ್ಕುಪತ್ರ, ಪೌತಿ ಆಂದೋಲನ ಎಂದು ಪಟ್ಟಿ ಬೆಳೆಯುತ್ತದೆ. ಬೇಡಿಕೆ ಈಡೇರಲಿಲ್ಲವೆಂದು 2025ರ ಫೆಬ್ರುವರಿಯಲ್ಲಿ ಮತ್ತೆ ಮುಷ್ಕರ ನಡೆಯಿತು. ಆ ವರ್ಷವೇ ಲ್ಯಾಪ್‌ಟಾಪ್ ವಿತರಣೆ ಶುರುವಾಯಿತು.

ಈ ಆಪ್‌ಗಳಲ್ಲಿ ಒಂದೊಂದಕ್ಕೂ ಅದರದೇ ಆದ ಒಳ್ಳೆಯ ಉದ್ದೇಶವಿದೆ. ಲ್ಯಾಂಡ್ ಬೀಟ್ ಸರ್ಕಾರಿ ಜಮೀನನ್ನು ಒತ್ತುವರಿಯಿಂದ ಕಾಯುತ್ತದೆ. ಬಗರ್ ಹುಕುಂ ಆಪ್ ಅರ್ಜಿದಾರರು ನಿಜವಾಗಿ ಉಳುಮೆ ಮಾಡುತ್ತಿದ್ದರೇ ಎಂದು ಉಪಗ್ರಹ ಚಿತ್ರದಿಂದ ನೋಡುತ್ತದೆ. ಪೌತಿ ಆಂದೋಲನ ತೀರಿಹೋದವರ ಹೆಸರಿನಲ್ಲೇ ಉಳಿದ ಜಮೀನನ್ನು ವಾರಸುದಾರರಿಗೆ ತಲುಪಿಸುತ್ತದೆ. ಕಷ್ಟವಿರುವುದು ಎಲ್ಲವೂ ಸೇರಿದಾಗ. ಒಂದೊಂದಕ್ಕೂ ಬೇರೆ ಲಾಗಿನ್, ಬೇರೆ ಓಟಿಪಿ, ಬೇರೆ ಬಾಕಿ ಪಟ್ಟಿ, ಬೇರೆ ಗಡುವು.

ಬೆಳಿಗ್ಗೆ ಮನೆಯಿಂದ ಹೊರಡುವ ಅಧಿಕಾರಿಗೆ ಇಂದು ಯಾವ ಊರಿಗೆ ಹೋದರೆ ಎಷ್ಟು ಕೆಲಸ ಒಟ್ಟಿಗೆ ಮುಗಿಯುತ್ತದೆ ಎಂಬುದು ಒಂದೇ ಕಡೆ ಕಾಣಬೇಕು. ಬೇರೆ ಬೇರೆ ಆಪ್‌ಗಳು ಅದನ್ನು ಹೇಳಲಾರವು, ಒಂದಕ್ಕೆ ಇನ್ನೊಂದರ ಕೆಲಸ ಗೊತ್ತಿಲ್ಲ. ಆಗ ಆದ್ಯತೆಯನ್ನು ತೀರ್ಮಾನಿಸುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಲಿನವರು ಕೇಳಿದ ಪ್ರಗತಿ ವರದಿ. ಸರದಿಯಲ್ಲಿ ಕಾಯುತ್ತಿರುವ ರೈತರ ಅರ್ಜಿ ಹಿಂದೆ ಬೀಳುತ್ತದೆ. ಕಚೇರಿಯ ಬಾಗಿಲು ಮುಚ್ಚಿದರೂ ಪಟ್ಟಿ ಮುಚ್ಚುವುದಿಲ್ಲ, ಅದು ಊಟದ ತಟ್ಟೆಯ ಪಕ್ಕದಲ್ಲೂ ಸದ್ದು ಮಾಡುತ್ತದೆ.

ಕಂದಾಯ ಇಲಾಖೆಯೊಂದರ ಕಥೆಯಲ್ಲ ಇದು. ಅಂಗನವಾಡಿ ಕಾರ್ಯಕರ್ತೆಯರು 2021ರಿಂದ ಪೋಷಣ್ ಟ್ರ್ಯಾಕರ್ ತುಂಬುತ್ತಿದ್ದಾರೆ. ನರೇಗಾ ಕೆಲಸದಲ್ಲಿ 2023ರ ಜನವರಿ 1ರಿಂದ ದಿನಕ್ಕೆ ಎರಡು ಸಲ ಫೋಟೊ ಹಾಜರಿ ಕಡ್ಡಾಯವಾಯಿತು. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು 60 ಪ್ರಶ್ನೆಗಳ ಆಪ್ ಹಿಡಿದು ಮನೆಮನೆ ಅಲೆದರು. ಹಂಚಿಕೆಯಾದ ಮನೆಗಳು ಒಂದೆಡೆ ಇರದೆ ಚದುರಿವೆ, ನೆಟ್‌ವರ್ಕ್ ಸಿಗುತ್ತಿಲ್ಲ ಎಂಬ ದೂರುಗಳು ಮೊದಲ ದಿನಗಳಲ್ಲೇ ಕೇಳಿಬಂದವು. ನಡೆದು ಹೋಗುವ ದಾರಿ ಅರಿಯದ ಪಟ್ಟಿ ಎಷ್ಟು ಕಾಡುತ್ತದೆ ಎಂಬುದು ಅಲ್ಲಿ ಕಂಡಿತು.

◼ ಮೇಜಿನಿಂದ ಮೊಬೈಲಿಗೆ
2012: ಏಪ್ರಿಲ್ 2, ರಾಜ್ಯವಿಡೀ 'ಸಕಾಲ'. ಅದೇ ವರ್ಷ ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿತು
2020: ರೈತರೇ ಬಳಸುವ ಬೆಳೆ ಸಮೀಕ್ಷೆ ಆಪ್
2024: ಲ್ಯಾಂಡ್ ಬೀಟ್, ಪಹಣಿಗೆ ಆಧಾರ್ ಜೋಡಣೆ, ಸೆಪ್ಟೆಂಬರ್‌ನಲ್ಲಿ ಮುಷ್ಕರ
2027: ದೇಶದ ಮೊದಲ ಡಿಜಿಟಲ್ ಜನಗಣತಿ, ಎಣಿಕೆಯ ಆಧಾರ ದಿನ ಮಾರ್ಚ್ 1

ಇನ್ನು ಆಗಬೇಕಾದ್ದು

ಫೋನಿನಿಂದ ಮತ್ತೆ ಮೇಜಿಗೆ ಹೋಗೋಣ ಎಂದು ಯಾರೂ ಹೇಳುತ್ತಿಲ್ಲ. ಹೇಳಲೂಬಾರದು. ಹೊಲದಲ್ಲಿ ನಿಂತು ಬರೆದ ದಾಖಲೆ ಕಚೇರಿಯಲ್ಲಿ ಊಹಿಸಿ ಬರೆದ ದಾಖಲೆಗಿಂತ ಯಾವತ್ತೂ ಮೇಲು. ಶ್ರವಣಬೆಳಗೊಳದ ನಾಡಕಚೇರಿಗೋ ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಗೋ ಕೂಲಿ ಬಿಟ್ಟು ಅಲೆಯುವುದು ತಪ್ಪಿದರೆ ರೈತರಿಗೆ ಅದೇ ದೊಡ್ಡ ಉಳಿತಾಯ.

ಆದರೆ ಇಲಾಖೆಗಳು ಹೊಸ ಆಪ್ ಬಿಡುವ ಮೊದಲು ನಾಲ್ಕು ಮಾತಿಗೆ ಬದ್ಧವಾಗಬೇಕು.

ಒಂದು, ಆಪ್ ಎಷ್ಟೇ ಇರಲಿ, ಬಾಕಿ ಕೆಲಸದ ಪಟ್ಟಿ ಒಂದೇ ಇರಲಿ. ಊರಿನ ಪ್ರಕಾರ, ಗಡುವಿನ ಪ್ರಕಾರ ಅದು ತಾನೇ ಜೋಡಿಸಿಕೊಳ್ಳಲಿ. ಬಂದ ಸರದಿಯನ್ನು ಮುರಿದರೆ ಯಾರು, ಏಕೆ ಮುರಿದರು ಎಂಬುದು ದಾಖಲಾಗಲಿ.

ಎರಡು, ನೆಟ್‌ವರ್ಕ್ ಇಲ್ಲದೆಯೂ ಕೆಲಸ ಪೂರ್ತಿ ನಡೆಯಲಿ. ಹೊಲದಲ್ಲಿ ತುಂಬಿದ್ದು ಅಪ್‌ಲೋಡ್ ಆಗುವ ಮುಂಚೆ ಅಳಿಸಿಹೋಗದಂತೆ ಖಾತರಿ ಇರಲಿ.

ಮೂರು, ಸರ್ಕಾರದ ಕೆಲಸಕ್ಕೆ ಸರ್ಕಾರದ್ದೇ ಫೋನು, ಟ್ಯಾಬು, ಡೇಟಾ. ನೌಕರರ ಸ್ವಂತ ಫೋನು ಅವರ ಮನೆಯವರದ್ದು. ರಜೆಯ ದಿನ ಪಟ್ಟಿಯೂ ರಜೆ ತೆಗೆದುಕೊಳ್ಳಲಿ.

ನಾಲ್ಕು, ಎರಡನೇ ಪರದೆ. ಹೊಲದಲ್ಲೇ, ಅಪ್‌ಲೋಡ್ ಒತ್ತುವ ಮುನ್ನ, ಏನು ಬರೆದಿದ್ದೇವೆ ಎಂಬುದನ್ನು ಆಪ್ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ತೋರಿಸಲಿ, ಗಟ್ಟಿಯಾಗಿ ಓದಿಯೂ ಹೇಳಲಿ. ಓದು ಬಾರದವರೂ ಕೇಳಿ ಹೌದೋ ಅಲ್ಲವೋ ಹೇಳಬಹುದು. ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಊರಿನ ಬೆಳೆ ಪಟ್ಟಿ ಅಚ್ಚಾಗಿ ಅಂಟಲಿ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಅದೇ ಪರದೆ.

ಇವುಗಳಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ. ಬಂದ ಕ್ರಮದಲ್ಲೇ ಅರ್ಜಿ ತೆಗೆಯುವುದನ್ನೂ, ಪರದೆಯನ್ನು ಜನರ ಕಡೆ ತಿರುಗಿಸುವುದನ್ನೂ ಕರ್ನಾಟಕ ಎರಡು ದಶಕಗಳ ಹಿಂದೆಯೇ ಇಡೀ ದೇಶಕ್ಕೆ ತೋರಿಸಿಕೊಟ್ಟಿತ್ತು. ಜನಗಣತಿಯ ಎಣಿಕೆದಾರರೂ ಫೋನು ಹಿಡಿದು ಇದೇ ಬೀದಿಗಳಿಗೆ ಬರುವ ಕಾಲ ಇದು. ಇನ್ನೊಂದು ಆಪ್, ಇನ್ನೊಂದು ಪಟ್ಟಿ ಸೇರಿಸುವ ಬದಲು ಈಗಿರುವ ಪಟ್ಟಿಗಳನ್ನೆಲ್ಲ ಒಂದು ಮಾಡುವ ಆದೇಶವನ್ನು ಸರ್ಕಾರ ಹೊರಡಿಸಲಿ. ಅದರ ಮೊದಲ ಪರೀಕ್ಷೆ ಹೋಬಳಿ ಮಟ್ಟದಲ್ಲಿ, ಗ್ರಾಮ ಆಡಳಿತ ಅಧಿಕಾರಿಗಳನ್ನೂ ರೈತರನ್ನೂ ಎದುರಿಗೆ ಕೂರಿಸಿಕೊಂಡು ನಡೆಯಲಿ.